ಲೂಪಸ್ ಜೊತೆಗೆ ಹೆಪಟೈಟಿಸ್ ಬಿ: ಕಿಡ್ನಿ ವಿಷಯದಲ್ಲಿ ನಿಮ್ಮ ಅನುಭವ ಹೇಳಿ

ಪ್ರಶ್ನೆ: ನನ್ನ ತಂಗಿಗೆ ಲೂಪಸ್ (ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದೆ. ಈಗ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ. ಸ್ಟಿರಾಯ್ಡ್ ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಕೂಡ ಇದೆ ಅಂತ ಗೊತ್ತಾಯಿತು. ಕಿಡ್ನಿಗೆ ತೊಂದರೆ ಯಾವುದರಿಂದ? ಬಯಾಪ್ಸಿ (ಕಿಡ್ನಿಯ ಸಣ್ಣ ತುಣುಕು ತೆಗೆದು ನೋಡುವ ಪರೀಕ್ಷೆ) ಮಾಡಿಸಲೇಬೇಕಾ?

ಉತ್ತರ: ನನಗೂ ಎರಡೂ ಇವೆ. ವೈದ್ಯರು ಬಯಾಪ್ಸಿ ಹೇಳಿದ್ದರೆ ದಯವಿಟ್ಟು ಮುಂದೂಡಬೇಡಿ. ಹೆಪಟೈಟಿಸ್ ಬಿ ವೈರಸ್ ಒಂದೇ ಸಾಕು, ಕಿಡ್ನಿಯ ಸೋಸುವ ಪೊರೆ ದಪ್ಪವಾಗಿ ಪ್ರೋಟೀನ್ ಸೋರುತ್ತದೆ. ಇದಕ್ಕೆ ಮೆಂಬ್ರೇನಸ್ ನೆಫ್ರೋಪತಿ ಅನ್ನುತ್ತಾರೆ. ಲೂಪಸ್‌ನ ಕಿಡ್ನಿ ತೊಂದರೆಯಲ್ಲಿ ಐದನೇ ಕ್ಲಾಸ್ (ಬಗೆ) ಕೂಡ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ! ಬರೀ ಮೂತ್ರದ ರಿಪೋರ್ಟ್ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ನೋಡಿದಾಗ ನನ್ನದರಲ್ಲಿ ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯು ಅನ್ನುವ ರೋಗನಿರೋಧಕ ಪ್ರೋಟೀನ್‌ಗಳು ಐದೂ ಹೊಳೆದವು. ಅದು ಲೂಪಸ್ ಕಡೆ ಬೊಟ್ಟು ಮಾಡುವ ಗುರುತು. ಇದು ತಿಳಿಯುವುದು ಯಾಕೆ ಮುಖ್ಯ ಅಂದರೆ, ವೈರಸ್‌ನಿಂದಾದ ಕಿಡ್ನಿ ತೊಂದರೆಗೆ ಮೊದಲ ಮದ್ದು ವೈರಸ್ ತಡೆಯುವ ಮಾತ್ರೆ. ಲೂಪಸ್‌ಗೆ ಕೊಡುವುದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ. ಅದೇ ಔಷಧಿ ವೈರಸ್ಸನ್ನು ಎಬ್ಬಿಸಬಹುದು.

ಉತ್ತರ: ಮೇಲಿನವರು ಹೇಳಿದ ಕೊನೆ ಮಾತು ತುಂಬಾ ಮುಖ್ಯ. ನನ್ನ ಹೆಂಡತಿಗೆ ಮೈಕೋಫಿನೊಲೇಟ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ) ಶುರು ಮಾಡುವ ಮುಂಚೆಯೇ ಎಂಟೆಕಾವಿರ್ ಅನ್ನುವ ವೈರಸ್ ಮಾತ್ರೆ ಕೊಟ್ಟರು. ಲಿವರ್ ಈವರೆಗೆ ಚೆನ್ನಾಗಿದೆ. ರಿಟುಕ್ಸಿಮ್ಯಾಬ್ ಅನ್ನುವ ಇಂಥದ್ದೇ ಇನ್ನೊಂದು ಔಷಧಿ ಆದರೆ ವೈರಸ್ ಏಳುವ ಭಯ ಎಲ್ಲಕ್ಕಿಂತ ಜಾಸ್ತಿ. ಹಳೇ ಸೋಂಕು ವಾಸಿಯಾಗಿದೆ ಅನ್ನುವವರಲ್ಲೂ ಎದ್ದೀತು. ಹಾಗಾಗಿ ಎಚ್‌ಬಿಎಸ್‌ಎಜಿ (ಈಗ ಸೋಂಕು ಇದೆಯಾ ಅಂತ ಹೇಳುವ ರಕ್ತ ಪರೀಕ್ಷೆ) ಒಂದೇ ಸಾಲದು, ಕೋರ್ ಆಂಟಿಬಾಡಿಯನ್ನೂ (ಹಿಂದೆ ಸೋಂಕು ತಗಲಿತ್ತಾ ಅಂತ ಹೇಳುವುದು) ನೋಡಬೇಕು. ಇನ್ನೊಂದು ವಿಷಯ, ವೈರಸ್ ಮಾತ್ರೆಯ ಡೋಸ್ ಕಿಡ್ನಿ ನೋಡಿ ಹೊಂದಿಸಬೇಕು. ಟೆನೊಫೊವಿರ್‌ನ (ಇದೂ ವೈರಸ್ ಮಾತ್ರೆ) ಹಳೇ ರೂಪ, ಟಿಡಿಎಫ್, ಕಿಡ್ನಿಗೇ ತೊಂದರೆ ಕೊಡಬಹುದು. ಹೊಸ ರೂಪ ಟಿಎಎಫ್ ಅಷ್ಟು ಕಾಡುವುದಿಲ್ಲ. ಕ್ರಿಯಾಟಿನಿನ್ (ಕಿಡ್ನಿ ಕೆಲಸ ಅಳೆಯುವ ರಕ್ತ ಪರೀಕ್ಷೆ) ರಿಪೋರ್ಟನ್ನು ಲಿವರ್ ಡಾಕ್ಟರಿಗೂ ತೋರಿಸಿ, ಅವರಿಗೆ ಅದು ತಾನಾಗಿ ತಲುಪುವುದಿಲ್ಲ. ಸ್ಟಿರಾಯ್ಡ್ ಮುಗಿಯಿತು ಅಂತ ಸುಮ್ನೆ ವೈರಸ್ ಮಾತ್ರೆ ನಿಲ್ಲಿಸಬೇಡಿ. ಆಮೇಲೂ ತಿಂಗಳುಗಟ್ಟಲೆ ಬೇಕಾಗುತ್ತದೆ, ರಿಟುಕ್ಸಿಮ್ಯಾಬ್ ಆದ ಮೇಲಂತೂ ವರ್ಷಕ್ಕೂ ಜಾಸ್ತಿ.

ಉತ್ತರ: ನನಗಿದ್ದದ್ದು ಹೆಪಟೈಟಿಸ್ ಸಿ. ಅದರಲ್ಲಿ ಕ್ರಯೋಗ್ಲೋಬ್ಯುಲಿನ್ ಅನ್ನುವ ಪ್ರೋಟೀನ್ ಕಿಡ್ನಿಯಲ್ಲಿ ಕೂರುತ್ತದೆ, ಸಿ4 ಅನ್ನುವ ರಕ್ತದ ರೋಗನಿರೋಧಕ ಪ್ರೋಟೀನ್ ತುಂಬಾ ಇಳಿಯುತ್ತದೆ. ನೋಡಿದರೆ ಲೂಪಸ್ ಕೆರಳಿದ ಹಾಗೇ, ಅಲ್ವಾ? ಕ್ರಯೋಗ್ಲೋಬ್ಯುಲಿನ್ ಪರೀಕ್ಷೆಯಿಂದ ನನ್ನದು ತಿಳಿಯಿತು. ಒಂದು ಸಮಾಧಾನ, ಸಿ ವೈರಸ್ ಸಾಮಾನ್ಯವಾಗಿ 8 ರಿಂದ 12 ವಾರ ಮಾತ್ರೆ ತೆಗೆದುಕೊಂಡರೆ ಬಹುತೇಕರಲ್ಲಿ ಪೂರ್ತಿ ಹೋಗುತ್ತದೆ. ಮಾತ್ರೆ ಶುರು ಮಾಡುವ ಮುಂಚೆ ಬಿ ಕೂಡ ಇದೆಯಾ ಅಂತ ನೋಡಿಸಿ. ಸಿ ಹೋಗುವಾಗ ಬಿ ಏಳುವುದುಂಟು.