ಹೊಸ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣಿಸ್ತಿಲ್ಲ, ನೀವೆಲ್ಲ ಏನು ಮಾಡಿದ್ರಿ?

ನಾಪೋಕ್ಲುವಿನಿಂದ ಪ್ರಶ್ನೆ:
ತೋಟದ ಮನೆಯಲ್ಲೇ ಮೂರು ಕೋಣೆ ಬಿಟ್ಟು ಹೋಮ್‌ಸ್ಟೇ ಶುರು ಮಾಡಿದ್ದೇವೆ. ಜೊತೆಗೆ ನಮ್ಮದೇ ಕಾಫಿ ಪುಡಿ, ಕರಿಮೆಣಸು ಮಾರ್ತೇವೆ. ತಂಗಿ ಮಗ ವೆಬ್‌ಸೈಟ್ ಮಾಡಿಕೊಟ್ಟು ಬೆಂಗಳೂರಿಗೆ ಹೋದ. ಹೋಮ್‌ಸ್ಟೇ ಹೆಸರನ್ನೇ ಟೈಪ್ ಮಾಡಿದ್ರೂ ಗೂಗಲ್‌ನಲ್ಲಿ ಬರ್ತಿಲ್ಲ. ಯಾರೋ ಫೋನ್ ಮಾಡಿ, ಎಂಟು ಸಾವಿರ ಕೊಟ್ರೆ ಐನೂರು ಸರ್ಚ್ ಎಂಜಿನ್ ಮತ್ತು ಡೈರೆಕ್ಟರಿಗಳಿಗೆ (ಸೈಟುಗಳ ಪಟ್ಟಿಗಳಿಗೆ) ಸೇರಿಸ್ತೇವೆ ಅಂದ್ರು. ಕೊಡಬಹುದಾ? ಅನುಭವ ಇರೋರು ಹೇಳಿ.

ಕುಶಾಲನಗರದಿಂದ:
ಕೊಡಬೇಡಿ ಅಕ್ಕಾ. ನಾನು ಇದೇ ಕೆಲಸ ಮಾಡೋನು, ಆದ್ರೂ ಹೇಳ್ತೇನೆ. ನಿಮ್ಮ ಅತಿಥಿಗಳು ಹುಡುಕೋದು ಗೂಗಲ್‌ನಲ್ಲಿ, ಅಪರೂಪಕ್ಕೆ ಬಿಂಗ್‌ನಲ್ಲಿ. ಡಕ್‌ಡಕ್‌ಗೋದಂಥ ಸಣ್ಣ ಸರ್ಚ್ ಎಂಜಿನ್‌ಗಳು ಫಲಿತಾಂಶದ ದೊಡ್ಡ ಪಾಲನ್ನು ಬಿಂಗ್‌ನಿಂದಲೇ ತಗೊಳ್ಳೋದು. ಐನೂರು ಎಲ್ಲಿಂದ ಬಂತು?

ಮೊದಲು ಒಂದು ಪರೀಕ್ಷೆ. ಗೂಗಲ್‌ನಲ್ಲಿ ಇಂಗ್ಲಿಷ್‌ನಲ್ಲಿ ‘ಸೈಟ್’ ಅಂತ ಬರೆದು ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಕೊಡಿ. ಒಂದು ಪುಟವೂ ಬರದಿದ್ರೆ ಗೂಗಲ್ ಇನ್ನೂ ಸೈಟನ್ನು ತನ್ನ ಪಟ್ಟಿಯಲ್ಲಿ ದಾಖಲಿಸಿಲ್ಲ ಅಂತಲೇ ಬಹುಮಟ್ಟಿಗೆ ಅರ್ಥ. ಹಾಗಿದ್ರೆ, ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್ ಅನ್ನೋ ತಂತ್ರಾಂಶದಲ್ಲಾದ್ರೆ, ಮೊದಲು ಅನುಮಾನ ಪಡಬೇಕಾದ್ದು ಅದರ ಒಂದು ಟಿಕ್ ಗುರುತನ್ನ. ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅಂತ ಇದೆ. ಅಲ್ಲಿ ಸರ್ಚ್ ಎಂಜಿನ್‌ಗಳು ಈ ಸೈಟನ್ನು ದಾಖಲಿಸಬಾರದು ಅನ್ನೋ ಆಯ್ಕೆ ಇರುತ್ತೆ. ಸೈಟ್ ಕಟ್ಟುವಾಗ ಹುಡುಗರು ಅದಕ್ಕೆ ಟಿಕ್ ಹಾಕ್ತಾರೆ, ಅರ್ಧಂಬರ್ಧ ಪುಟ ಹೊರಗೆ ಕಾಣದಿರಲಿ ಅಂತ. ತೆಗೆಯೋಕೆ ಮರೀತಾರೆ. ನನ್ನ ಹತ್ರ ಬರೋ ‘ಗೂಗಲ್‌ನಲ್ಲಿ ಬರ್ತಿಲ್ಲ’ ದೂರುಗಳಲ್ಲಿ ಎಷ್ಟೋ ಅಲ್ಲೇ ಮುಗೀತವೆ.

ಅದು ಸರಿಯಿದ್ರೆ ಗೂಗಲ್ ಸರ್ಚ್ ಕನ್ಸೋಲ್‌ಗೆ ಹೋಗಿ, ಸೈಟ್ ಮಾಲೀಕರಿಗೆ ಅಂತಲೇ ಗೂಗಲ್ ಕೊಡೋ ಸೌಲಭ್ಯ ಅದು. ಪುಕ್ಕಟೆ. ಸೈಟ್ ನಿಮ್ಮದೇ ಅಂತ ತೋರಿಸೋಕೆ ಅವರು ಒಂದು ಕೋಡ್ ಕೊಡ್ತಾರೆ, ಅದನ್ನ ಡೊಮೇನ್ (ವೆಬ್‌ಸೈಟ್ ವಿಳಾಸ) ಕೊಂಡ ಖಾತೆಯಲ್ಲಿ, ಡಿಎನ್‌ಎಸ್ ಅನ್ನೋ ಸೆಟ್ಟಿಂಗ್‌ನಲ್ಲಿ ಟಿಎಕ್ಸ್‌ಟಿ ಅನ್ನೋ ಬಗೆಯ ದಾಖಲೆಯಾಗಿ ಹಾಕ್ಬೇಕು. ಆಮೇಲೆ ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ ಇರೋ ಕಡತ) ವಿಳಾಸ ಕೊಡಿ. ಮುಖಪುಟ, ಕೋಣೆಗಳ ಪುಟ, ಕಾಫಿ ಪುಟ ಇಷ್ಟರ ವಿಳಾಸವನ್ನು ಅಲ್ಲೇ ಇರೋ ಯುಆರ್‌ಎಲ್ ತಪಾಸಣೆಯಲ್ಲಿ (ಯುಆರ್‌ಎಲ್ ಅಂದ್ರೆ ಪುಟದ ವಿಳಾಸ) ಹಾಕಿ ದಾಖಲಿಸೋಕೆ ಕೋರಿಕೆ ಕಳಿಸಿ. ದಿನಾ ಒತ್ತಿದ್ರೆ ಬೇಗ ಆಗೋದಿಲ್ಲ, ಗೂಗಲ್ಲೇ ಹಾಗೆ ಹೇಳಿದೆ. ಕೆಲವು ದಿನದಿಂದ ಕೆಲವು ವಾರ ಹಿಡೀಬಹುದು. ಬಿಂಗ್‌ಗೆ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಇದೆ. ಸರ್ಚ್ ಕನ್ಸೋಲ್‌ನಲ್ಲಿ ಇರೋದನ್ನೇ ಅಲ್ಲಿಗೆ ಎಳ್ಕೊಳ್ಳಬಹುದು, ಮತ್ತೆ ಮೊದಲಿಂದ ಮಾಡ್ಬೇಕಾಗಿಲ್ಲ.

ಇದೆಲ್ಲ ನಿಮ್ಮ ಇಮೇಲ್‌ನಲ್ಲೇ ಆಗ್ಲಿ. ತಂಗಿ ಮಗನ ಖಾತೆಯಲ್ಲಿ ಡೊಮೇನ್ ಇದ್ರೆ ಈಗಲೇ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಹುಡುಗ ಒಳ್ಳೆಯವನೇ ಇರ್ತಾನೆ, ಆದ್ರೆ ಡೊಮೇನ್ ನವೀಕರಿಸಿ ಅಂತ ಬರೋ ಮೇಲ್ ನಿಮಗೆ ಬರಬೇಕಲ್ಲ.

ಮಡಿಕೇರಿಯಿಂದ:
ಆ ಫೋನಿನವರು ಹೇಳಿದ್ದು ಒಂದು ಕಾಲದಲ್ಲಿ ಪೂರ್ತಿ ಸುಳ್ಳಾಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಯಾಹೂ 1994ರಲ್ಲಿ ಹುಟ್ಟಿದ್ದೇ ಸೈಟುಗಳ ಪಟ್ಟಿಯಾಗಿ. 1998ರಲ್ಲಿ ಶುರುವಾದ ಡಿಮಾಜ್ ಅನ್ನೋ ಡೈರೆಕ್ಟರಿಯಲ್ಲಿ ಸ್ವಯಂಸೇವಕರು ಒಂದೊಂದೇ ಸೈಟ್ ನೋಡಿ, ವಿಷಯ ಮತ್ತು ಪ್ರದೇಶದ ಪ್ರಕಾರ ಜೋಡಿಸ್ತಿದ್ರು. ಅದರ ಪಟ್ಟಿಯನ್ನು ಗೂಗಲ್ ಕೂಡ ಬಳಸ್ತಿತ್ತು. ಆಗ ಅಲ್ಲಿ ಸೇರೋದು ಅಂದ್ರೆ ದೊಡ್ಡ ವಿಷಯ. ಸಂಪಾದಕರು ಒಪ್ಪೋ ತನಕ ಕಾಯ್ಬೇಕು, ಕೇಳಿದ್ರೆ ಉತ್ತರ ಬರುತ್ತೆ ಅನ್ನೋ ಭರವಸೆ ಇಲ್ಲ.

ಯಾಹೂ ಡೈರೆಕ್ಟರಿ 2014ರ ಕೊನೆಗೆ ಮುಚ್ಚಿತು. ಡಿಮಾಜ್ 2017ರ ಮಾರ್ಚ್‌ನಲ್ಲಿ. ಯಾರು ಬೇಕಾದ್ರೂ ವಿಳಾಸ ಹಾಕಬಹುದಾಗಿದ್ದ ಗೂಗಲ್‌ನ ಸಾರ್ವಜನಿಕ ಪುಟವೂ 2018ರಲ್ಲಿ ಹೋಯ್ತು. ಈಗ ಉಳಿದಿರೋ ನೂರಾರು ‘ಡೈರೆಕ್ಟರಿ’ಗಳಲ್ಲಿ ಹೆಚ್ಚಿನವನ್ನು ಮನುಷ್ಯರು ಯಾರೂ ಓದೋದಿಲ್ಲ. ಬೇರೆ ಸೈಟಿನಿಂದ ಲಿಂಕ್ ಇದ್ರೆ ಗೂಗಲ್‌ನಲ್ಲಿ ಮೇಲೆ ಬರ್ತೇವೆ ಅನ್ನೋ ಆಸೆಯವರಿಗೆ ಲಿಂಕ್ ಮಾರೋಕೆ ಅಂತಲೇ ಇರೋವು. 2012ರಲ್ಲಿ ಗೂಗಲ್ ಪೆಂಗ್ವಿನ್ ಅನ್ನೋ ಬದಲಾವಣೆ ತಂದು, ಇಂಥ ಲಿಂಕ್ ಗುಡ್ಡೆ ಹಾಕಿಕೊಂಡ ಸೈಟುಗಳನ್ನು ಕೆಳಗೆ ತಳ್ಳಿತು. ಅಂದ್ರೆ ಎಂಟು ಸಾವಿರ ಕೊಟ್ರೆ ಲಾಭ ಇಲ್ಲ ಅನ್ನೋದಷ್ಟೇ ಅಲ್ಲ, ಕೆಟ್ಟದಾಗೋ ಸಾಧ್ಯತೆಯೂ ಇದೆ.

ನಾಪೋಕ್ಲುವಿನಿಂದ:
ಹಾಗಾದ್ರೆ ಜಸ್ಟ್‌ಡಯಲ್, ಟ್ರಿಪ್‌ಅಡ್ವೈಸರ್ ಇವೂ ಬೇಡ್ವಾ?

ಮಡಿಕೇರಿಯಿಂದ:
ಅವು ಬೇರೆ. ಜನ ನಿಜವಾಗಿ ತೆರೆದು ನೋಡೋ ಜಾಗದಲ್ಲಿ ಇರಿ. ಕೇಳಬೇಕಾದ ಪ್ರಶ್ನೆ ಒಂದೇ: ಈ ಪಟ್ಟಿ ನೋಡಿ ಯಾರಾದ್ರೂ ನಮ್ಮ ಗೇಟಿಗೆ ಬರ್ತಾರಾ?

ಕಕ್ಕಬ್ಬೆಯಿಂದ:
ನಮ್ಮದೂ ಹೋಮ್‌ಸ್ಟೇ, ತಡಿಯಂಡಮೋಳ್ ಹತ್ತೋಕೆ ಬರೋರೇ ಜಾಸ್ತಿ. ನನ್ನ ಅನುಭವದಲ್ಲಿ ವೆಬ್‌ಸೈಟ್‌ಗಿಂತ ಮೊದಲು ಕೈಹಿಡಿದದ್ದು ಮ್ಯಾಪ್. ಗೂಗಲ್ ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ ನಿಮ್ಮ ಜಾಗ, ಫೋನ್ ತೋರಿಸೋ ಪುಟ) ಮಾಡ್ಕೊಳ್ಳಿ, ಅದಕ್ಕೂ ದುಡ್ಡಿಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಆಗಿದೆ ಅಂದ್ಕೊಂಡಿದ್ದೇನೆ, ಆಗಿಲ್ಲದಿದ್ರೆ ಅದು ಮೊದಲು.

ಪರಿಶೀಲನೆಗೆ ಈಗ ಹೆಚ್ಚಾಗಿ ವಿಡಿಯೋ ಕೇಳ್ತಾರೆ. ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ರಸ್ತೆ, ಬೋರ್ಡ್, ಕೋಣೆ, ನೀವೇ ಬೀಗ ತೆಗೆಯೋದು ಎಲ್ಲ ಬರಬೇಕು. ಮಳೆಗಾಲದಲ್ಲಿ ಇದಕ್ಕೆ ಕೈ ಹಾಕ್ಬೇಡಿ! ಕರೆಂಟ್ ಹೋದ್ರೆ ವೈಫೈ ಇಲ್ಲ, ಟವರ್ ಬ್ಯಾಟರಿ ಮುಗಿದ್ರೆ ಸಿಗ್ನಲ್ಲೂ ಇಲ್ಲ, ಅಪ್‌ಲೋಡ್ ಅರ್ಧಕ್ಕೆ ನಿಲ್ಲುತ್ತೆ.

ಪಿನ್ ಎಲ್ಲಿ ಇಡ್ತೀರಿ ಅನ್ನೋದು ಬಹಳ ಮುಖ್ಯ. ನಮ್ಮ ಪಕ್ಕದವರು ಮನೆ ಮೇಲೆ ಪಿನ್ ಇಟ್ರು. ಮ್ಯಾಪ್ ಹತ್ತಿರದ ದಾರಿ ಅಂತ ಹಿಂದಿನ ತೋಟದ ಜೀಪು ರಸ್ತೆ ತೋರಿಸ್ತು. ರಾತ್ರಿ ಎಂಟಕ್ಕೆ ಬೆಂಗಳೂರಿನ ಕಾರು ತೋಟದ ಕೆಲಸದವರ ಲೈನ್ ಮನೆ ಎದುರು ಕೆಸರಲ್ಲಿ ಹೂತು, ಎಳೆಯೋಕೆ ಟ್ರ್ಯಾಕ್ಟರ್ ಬಂತು. ಅತಿಥಿ ಒಂದು ಸ್ಟಾರ್ ಕೊಟ್ಟು ಹೋದ್ರು. ನಾವು ಪಿನ್ ಇಟ್ಟಿರೋದು ಮುಖ್ಯ ಗೇಟಿನಲ್ಲಿ, ಅಲ್ಲಿಂದ ಫೋನ್ ಮಾಡಿದ್ರೆ ಯಾರಾದ್ರೂ ಹೋಗಿ ಕರ್ಕೊಂಡು ಬರ್ತೇವೆ.

ಹೆಸರು ಬೋರ್ಡ್‌ನಲ್ಲಿ ಇದ್ದ ಹಾಗೇ ಇರಲಿ. ಹೆಸರಿನ ಹಿಂದೆ ‘ಬೆಸ್ಟ್ ಹೋಮ್‌ಸ್ಟೇ ಇನ್ ಕೂರ್ಗ್’ ಅಂತ ಸೇರಿಸೋದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ನಿಲ್ಲಿಸಬಹುದು. ಒಳ್ಳೆ ರಿವ್ಯೂ ಬರೆದ್ರೆ ಬಿಲ್ ಕಡಿಮೆ ಮಾಡ್ತೇವೆ ಅನ್ನೋದೂ ಹಾಗೇ. ಫೋನ್ ನಂಬರ್ ಎಲ್ಲಾ ಕಡೆ ಒಂದೇ ಇರಲಿ.

ಸುಂಟಿಕೊಪ್ಪದಿಂದ:
ಕಾಫಿ ಪುಡಿ ಬಗ್ಗೆ ನಾನು ಹೇಳ್ತೇನೆ. ನಮಗೆ ಅಂಗಡಿ ಇಲ್ಲ, ಕೊರಿಯರ್ ಮಾತ್ರ. ಗ್ರಾಹಕರನ್ನು ಮುಖತಃ ಭೇಟಿ ಮಾಡದ, ಬರೀ ಆನ್‌ಲೈನ್ ವ್ಯಾಪಾರಕ್ಕೆ ಬಿಸಿನೆಸ್ ಪ್ರೊಫೈಲ್ ಸಿಗೋದಿಲ್ಲ. ಹಾಗಾಗಿ ನಮಗೆ ವೆಬ್‌ಸೈಟ್ ಪುಟವೇ ಗತಿ.

ನಿಮ್ಮ ಸೈಟ್ ನಾನು ನೋಡಿಲ್ಲ, ಆದ್ರೆ ನಮ್ಮ ಕಡೆ ಎಲ್ಲರೂ ಮಾಡೋದು ಹೇಳ್ತೇನೆ: ಬೆಲೆ, ತಳಿ, ವಿಳಾಸ ಎಲ್ಲ ತುಂಬಿಸಿದ ವಾಟ್ಸ್ಯಾಪ್ ಪೋಸ್ಟರನ್ನೇ ಪುಟಕ್ಕೆ ಅಂಟಿಸೋದು. ಚಿತ್ರದೊಳಗಿನ ಅಕ್ಷರವನ್ನು ನಂಬ್ಕೊಂಡು ಕೂರಬೇಡಿ, ಟೈಪ್ ಮಾಡಿ ಹಾಕಿ. ಅರೇಬಿಕಾನಾ ರೋಬಸ್ಟಾನಾ, ಚಿಕೋರಿ ಎಷ್ಟು ಪಾಲು, ಯಾವಾಗ ಹುರಿದದ್ದು, ಕೊರಿಯರ್ ಖರ್ಚು ಯಾರದ್ದು. ಗ್ರಾಹಕರು ಫೋನಲ್ಲಿ ಕೇಳೋ ಪ್ರಶ್ನೆಗಳನ್ನೇ ಬರೆದೆ, ಆ ಹುಡುಕಾಟಗಳಿಂದಲೇ ಜನ ಬರ್ತಿದ್ದಾರೆ. ಹಳೆ ಪುಸ್ತಕ ನೋಡಿ ಕೀವರ್ಡ್ ಮೆಟಾ ಟ್ಯಾಗ್ (ಪುಟದ ಕೋಡ್‌ನಲ್ಲಿ ಅಡಗಿರೋ ಪದಗಳ ಪಟ್ಟಿ) ತುಂಬಿಸಬೇಡಿ. ರ‍್ಯಾಂಕಿಂಗ್‌ಗೆ ಅದನ್ನು ನೋಡೋದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಇನ್ನೊಂದು, ಸ್ವಲ್ಪ ವಿಷಯಾಂತರ. ಕೊಡಗಿನ ಅರೇಬಿಕಾಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು ಅಂತ ಎಲ್ಲರೂ ಆ ಗುರುತು ಸೈಟಿಗೆ ಹಾಕ್ತಿದ್ದಾರೆ. ಅಧಿಕೃತ ಬಳಕೆದಾರರಾಗಿ ನೋಂದಣಿ ಆಗದೆ ಹಾಕಬೇಡಿ.

ಕುಶಾಲನಗರದಿಂದ:
ಲಿಂಕ್ ಬೇಕಾದ್ರೆ ಊರಲ್ಲೇ ಇದೆ ಅಕ್ಕಾ. ನಿಮ್ಮಲ್ಲಿ ಉಳಿದು ಹೋದ ಬ್ಲಾಗರ್, ನಿಮ್ಮ ಪುಡಿ ತರಿಸೋ ಕೆಫೆ, ಟ್ರೆಕ್ಕಿಂಗ್ ಕರ್ಕೊಂಡು ಬರೋ ತಂಡ, ಇವರ ಸೈಟಲ್ಲಿ ನಿಮ್ಮ ವಿಳಾಸ ಹಾಕೋಕೆ ಕೇಳಿ. ಗೂಗಲ್ ಹೊಸ ಪುಟ ಕಂಡುಹಿಡಿಯೋದು ಹೆಚ್ಚಾಗಿ ಅಂಥ ಲಿಂಕ್ ಹಿಡಿದೇ.

ಮೊದಲು ಆ ಟಿಕ್ ನೋಡಿ ಬನ್ನಿ. ಅದು ಸರಿಯಿದ್ದೂ ಬರದಿದ್ರೆ ಯುಆರ್‌ಎಲ್ ತಪಾಸಣೆಯಲ್ಲಿ ಏನು ಬರೆದಿದೆ ಅಂತ ಇಲ್ಲಿ ಹಾಕಿ, ನೋಡುವ. ಪಾಸ್‌ವರ್ಡ್ ಕಾಣೋ ಸ್ಕ್ರೀನ್‌ಶಾಟ್ ಮಾತ್ರ ಹಾಕಬೇಡಿ.