ಸ್ಪ್ಯಾನಿಷ್‌ನಲ್ಲಿ ಮೀನು, ಹಕ್ಕಿ, ಬೋಟಿನ ಜನ: ಯಾವ ಗುಂಪಿಗೆ ಯಾವ ಪದ?

ಪ್ರಶ್ನೆ: ಮಲ್ಪೆ ಬಂದರಿನ ಬಗ್ಗೆ ಸ್ಪ್ಯಾನಿಷ್‌ನಲ್ಲಿ ಒಂದು ಪುಟ ಬರೀಬೇಕು. ಬಂಗುಡೆ ಹಿಂಡು, ಕಡಲಹಕ್ಕಿ, ಬೋಟಿನವರು, ಎಲ್ಲದಕ್ಕೂ ‘ಗ್ರೂಪೊ’ ಸಾಕಾ?

ಉತ್ತರ 1: ತಪ್ಪಲ್ಲ ಮಾರಾಯ್ರೆ, ಸಪ್ಪೆ ಅಷ್ಟೆ. ಮೀನಿಗೆ ಸ್ಪೇನಿನ ಓದುಗರಾದರೆ ‘ಬಾಂಕೊ ದೆ ಪೆಸೆಸ್’, ಲ್ಯಾಟಿನ್ ಅಮೆರಿಕದವರಾದರೆ ‘ಕಾರ್ದೂಮೆನ್’. ಬಹುವಚನ ‘ಕಾರ್ದೂಮೆನೆಸ್’. ‘ದೆ ಪೆಸೆಸ್’ ಬಿಟ್ಟು ಬರೀ ‘ಬಾಂಕೊ’ ಅಂತ ಬರೆದರೆ ದುಡ್ಡಿಡುವ ಬ್ಯಾಂಕೋ ಕೂರುವ ಬೆಂಚೋ ಅಂದುಕೊಳ್ತಾರೆ. ಹಕ್ಕಿಗೆ ‘ಬಂದಾದಾ’. ಬೋಟಿನವರಿಗೆ ‘ತ್ರಿಪುಲಾಸಿಯೋನ್’.

ಉತ್ತರ 2: ‘ಮನಾದಾ’ ಹೆಚ್ಚಾಗಿ ನಾಲ್ಕು ಕಾಲಿನವಕ್ಕೆ: ಆನೆ, ತೋಳ. ಕುರಿ, ಆಡಿಗೆ ‘ರೆಬಾನ್ಯೊ’, ಹಂದಿಗೆ ‘ಪಿಯಾರಾ’, ಜೇನಿಗೆ ‘ಎನ್‌ಹಾಂಬ್ರೆ’. ಇವನ್ನು ಮನುಷ್ಯರಿಗೆ ಅಂಟಿಸಿದರೆ ಬೈದ ಹಾಗೆ ಕೇಳಬಹುದು. ‘ಪಂದೀಯಾ’ ಬಗ್ಗೆಯೂ ಜಾಗ್ರತೆ: ಸ್ಪೇನಿನಲ್ಲಿ ಗೆಳೆಯರ ಬಳಗ, ಮಧ್ಯ ಅಮೆರಿಕದಲ್ಲಿ ಪಾತಕಿಗಳ ಗ್ಯಾಂಗ್.

ಉತ್ತರ 3: ಪದಕ್ಕಿಂತ ಕ್ರಿಯಾಪದದಲ್ಲೇ ಹೆಚ್ಚು ಎಡವುವುದು. ಕನ್ನಡದಲ್ಲಿ ‘ಜನ ಬಂದರು’, ಅಲ್ಲಿ ‘ಲಾ ಹೆಂತೆ’ಗೆ (ಜನ) ಏಕವಚನವೇ: ‘ಯೆಗೋ’ (ಬಂತು), ‘ಯೆಗಾರೋನ್’ (ಬಂದರು) ಅಲ್ಲ. ಆದರೆ ‘ಉನ್ ಗ್ರೂಪೊ ದೆ ತುರಿಸ್ತಾಸ್’ (ಪ್ರವಾಸಿಗರ ಒಂದು ಗುಂಪು) ಆದಮೇಲೆ ಏಕವಚನ, ಬಹುವಚನ ಎರಡೂ ನಡೀತದೆ.