‘ಸ್ಕೇಲ್’ ಅಂದರೆ ತಕ್ಕಡಿಯೋ, ಚಕ್ಕೆಯೋ, ಅಳತೆಯೋ? ಬಾಯ್ಲರ್ ಕೈಪಿಡಿಯ ಗೊಂದಲ

ಸಿಂಧನೂರು ಕಾಲುವೆ (ಪ್ರಶ್ನೆ)

ಅಕ್ಕಿ ಗಿರಣಿಯೊಂದರ ಬಾಯ್ಲರ್ ಕೈಪಿಡಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕು. ಓದುವವರು ಒಲೆಗೆ ಹೊಟ್ಟು ಹಾಕುವ ಹುಡುಗರು. ಅದರಲ್ಲಿ ‘ಸ್ಕೇಲ್’ ನಾಲ್ಕು ಕಡೆ ನಾಲ್ಕು ಥರ ಬಂದಿದೆ: ಟ್ಯೂಬಿನ ಸ್ಕೇಲ್ ತೆಗೆಯಿರಿ, ಗೇಜಿನ ತಪ್ಪು ಫುಲ್ ಸ್ಕೇಲ್‌ನ ಶೇ 1, ಹೊಟ್ಟು ತೂಗಲು ಪ್ಲಾಟ್‌ಫಾರ್ಮ್ ಸ್ಕೇಲ್, ನಕ್ಷೆಯ ಮೂಲೆಯಲ್ಲಿ ‘ಡೂ ನಾಟ್ ಸ್ಕೇಲ್’. ಮೊಬೈಲ್ ಅನುವಾದ ಮೊದಲನೆಯದನ್ನು ‘ಕೊಳವೆಯ ಮಾಪಕವನ್ನು ತೆಗೆದುಹಾಕಿ’ ಎಂದು ಮಾಡಿಕೊಟ್ಟಿದೆ. ಹಾಗೇ ಅಚ್ಚಾದರೆ ಯಾರಾದರೂ ಪ್ರೆಶರ್ ಗೇಜನ್ನೇ ಬಿಚ್ಚಿಟ್ಟಾರು. ಇವೆಲ್ಲ ಒಂದೇ ಪದವೇನ್ರಿ? ಒಂದೊಂದಕ್ಕೂ ಏನು ಬರೆಯಬೇಕು?

ನಿಘಂಟು ರಾಯಚೂರು

ಕಾಗುಣಿತ ಒಂದೇ, ಪದ ಮೂರು.

ತೂಗುವ ಸ್ಕೇಲ್ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ಸ್ಕಾಲ್’ನಿಂದ. ಅರ್ಥ ಬಟ್ಟಲು, ಕುಡಿಯುವ ಪಾತ್ರೆ. ತಕ್ಕಡಿಗೆ ಎರಡು ತಟ್ಟೆ ಇರುವುದರಿಂದಲೇ ಇಂಗ್ಲಿಷಿನಲ್ಲಿ ಅದನ್ನು ಬಹುವಚನದಲ್ಲಿ ‘ಸ್ಕೇಲ್ಸ್’ ಅನ್ನುವ ರೂಢಿ ಬಂತು.

ಮೀನಿನ ಮೈಮೇಲಿನ ಸ್ಕೇಲ್ ಬೇರೆ. ಅದು ಹಳೆಯ ಫ್ರೆಂಚಿನ ‘ಎಸ್ಕಾಲ್’, ಅಂದರೆ ಚಿಪ್ಪು, ಕಾಳಿನ ಹೊಟ್ಟು. ಹಲ್ಲಿನ ಡಾಕ್ಟರು ಮಾಡುವ ಸ್ಕೇಲಿಂಗ್, ದಾಳಿಂಬೆ ಗಿಡಕ್ಕೆ ಅಂಟುವ ಶಲ್ಕ ಕೀಟದ ಇಂಗ್ಲಿಷ್ ಹೆಸರು, ನಿಮ್ಮ ಬಾಯ್ಲರ್ ಸ್ಕೇಲ್ ಎಲ್ಲ ಈ ಗುಂಪಿನವು. ಮೂಲದಲ್ಲಿ ಹೊಟ್ಟು ಎಂಬ ಅರ್ಥವಿದ್ದ ಪದ, ಹೊಟ್ಟು ಉರಿಸುವ ಬಾಯ್ಲರಿನಲ್ಲೇ ಹೀಗೆ ತೊಂದರೆ ಕೊಡುತ್ತಿದೆ ನೋಡಿ.

ಮೂರನೆಯದು ಲ್ಯಾಟಿನ್ನಿನ ‘ಸ್ಕಾಲಾ’, ಏಣಿ. ಮೆಟ್ಟಿಲು ಮೆಟ್ಟಿಲಾಗಿ ಗುರುತು ಇರುವುದೆಲ್ಲ ಇದರ ಸಂತಾನ: ಗೇಜಿನ ಮುಖ, ಶಾಲೆಯ ಅಡಿಪಟ್ಟಿ, ನಕ್ಷೆಯ ಪ್ರಮಾಣ, ವೇತನ ಶ್ರೇಣಿ, ಸ್ವರಗಳ ಸಾಲು. ಗೋಡೆ ಹತ್ತುವುದಕ್ಕೂ ‘ಸ್ಕೇಲ್’ ಎಂಬ ಕ್ರಿಯಾಪದ ಇರುವುದು ಇದೇ ಏಣಿಯಿಂದ. (ಹಾರ್ಮೋನಿಯಂ ಮುಂದೆ ಕೂತು ‘ಯಾವ ಸ್ಕೇಲಿನ್ಯಾಗ ಹಾಡ್ತೀರಿ’ ಎಂದು ಕೇಳಿದರೆ ನಮ್ಮಲ್ಲಿ ಕಾಳಿ ಎರಡು, ಬಿಳಿ ನಾಲ್ಕು ಎಂಬ ಉತ್ತರ ಬರುತ್ತದೆ. ಅದು ಶ್ರುತಿ, ಪಾಶ್ಚಾತ್ಯ ಸಂಗೀತದ ಸ್ಕೇಲ್ ಅಲ್ಲ.)

ಇದು ಇಂಗ್ಲಿಷಿನ ಹುಚ್ಚಾಟ ಅಂದುಕೊಳ್ಳಬೇಡಿ. ನಮ್ಮ ಕಡೆಯ ‘ತ್ರಾಸು’ ನೋಡಿ. ತೂಗುವ ತ್ರಾಸು ಪಾರಸಿಯ ‘ತರಾಜೂ’, ‘ಭಾಳ ತ್ರಾಸಾತು’ ಅನ್ನುವ ತ್ರಾಸು ಸಂಸ್ಕೃತದ್ದು. ಎರಡೂ ಬಂದು ಒಂದೇ ಉಚ್ಚಾರಕ್ಕೆ ನಿಂತಿವೆ.

ಉಗಿಮನೆ ಗಂಗಾವತಿ

ಬಾಯ್ಲರ್ ವಾಕ್ಯಕ್ಕೆ ‘ಹುರುಪೆ’, ‘ಶಲ್ಕ’ ಯಾವುದೂ ಬೇಡ. ‘ಟ್ಯೂಬಿನ ಹೊರಮೈಗೆ ಕಟ್ಟಿದ ಸುಣ್ಣದ ಪದರ (ಸ್ಕೇಲ್)’ ಎಂದು ಒಮ್ಮೆ ಬರೆದು, ಆಮೇಲೆ ಸ್ಕೇಲ್ ಎಂದೇ ಬಿಡಿ. ಹುಡುಗರು ಆಡುವುದೂ ಅದನ್ನೇ.

‘ಹೊರಮೈ’ ಎಂಬ ಮಾತು ಮಾತ್ರ ಬಿಡಬೇಡಿ. ಗಿರಣಿಗಳಲ್ಲಿ ಹೆಚ್ಚಾಗಿ ಇರುವುದು ಸ್ಮೋಕ್ ಟ್ಯೂಬ್ ಬಾಯ್ಲರ್. ಬಿಸಿಗಾಳಿ ಟ್ಯೂಬಿನ ಒಳಗೆ, ನೀರು ಹೊರಗೆ. ಬ್ರಷ್ ಹಾಕಿ ಎಳೆದಾಗ ಬರುವುದು ಒಳಗಿನ ಮಸಿ; ಸ್ಕೇಲ್ ನೀರಿನ ಕಡೆ ಇದ್ದಲ್ಲೇ ಇರುತ್ತದೆ. ಕೈಪಿಡಿಯಲ್ಲಿ ಎರಡಕ್ಕೂ ‘ಕೊಳೆ’ ಎಂದರೆ ಬ್ರಷ್ ಹಾಕಿದವನು ಕೆಲಸ ಮುಗಿಯಿತೆಂದು ಬಾಗಿಲು ಮುಚ್ಚುತ್ತಾನೆ.

‘ಸ್ಲಡ್ಜ್’ ಪದ ಬಂದರೆ ಅದನ್ನೂ ಬೇರೆ ಇಡಿ. ಅದು ತಳದ ಮೆತ್ತನೆ ಕೆಸರು, ಬ್ಲೋಡೌನ್ ವಾಲ್ವ್ ತೆಗೆದರೆ ಹೊರಗೆ ಬರುತ್ತದೆ. ಕಟ್ಟಿದ ಸ್ಕೇಲ್ ಬ್ಲೋಡೌನಿಗೆ ಜಗ್ಗುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಸುಣ್ಣದ ಕಾರ್ಬೊನೇಟ್ ಆಗಿ ಕೂರುತ್ತದೆ. ಕ್ಯಾಲ್ಸಿಯಂ ಸಲ್ಫೇಟ್ ಇನ್ನೂ ಕೆಟ್ಟದ್ದು, ಬಾಯ್ಲರಿನ ಬಿಸಿಯಲ್ಲಿ ನೀರು ಕಾದಷ್ಟೂ ಕಡಿಮೆ ಕರಗುತ್ತದೆ. ಅದಕ್ಕೇ ಹೆಚ್ಚು ಬೆಂಕಿ ತಾಗುವ ಜಾಗದಲ್ಲೇ ದಪ್ಪ ಕಟ್ಟುವುದು. ಉಕ್ಕಿನ ಉಷ್ಣವಾಹಕತೆ ಸುಮಾರು 50 ಇದ್ದರೆ (ಮೀಟರಿಗೆ, ಡಿಗ್ರಿಗೆ ವ್ಯಾಟ್ ಲೆಕ್ಕದಲ್ಲಿ) ಈ ಪದರದ್ದು 1ರಿಂದ 3 ಅಷ್ಟೇ. ಶಾಖ ನೀರಿಗೆ ದಾಟದೆ ಚಿಮಣಿಯ ಬಿಸಿ ಏರುತ್ತದೆ, ಅಷ್ಟೇ ಹೊಟ್ಟಿಗೆ ಉಗಿ ಕಡಿಮೆ ಆಗುತ್ತದೆ, ಕೊನೆಗೆ ಟ್ಯೂಬಿನ ತುದಿಯಲ್ಲಿ ಸೋರಿಕೆ. ತಡೆಯುವ ಜಾಗ ಸಾಫ್ಟನರ್, ಅಂದರೆ ನೀರಿನ ಗಡಸುತನ ತೆಗೆಯುವ ಟ್ಯಾಂಕು: ಅದರೊಳಗಿನ ರಾಳದ (ರೆಸಿನ್) ಕಾಳಿಗೆ ಸುಮಾರು ಶೇ 10ರ ಉಪ್ಪುನೀರು ಹಾಯಿಸಿ, ಉಪ್ಪು ಹೋಗುವ ತನಕ ತೊಳೆದು, ಹೊರಬರುವ ನೀರಿನ ಗಡಸುತನ ನೋಡಿದ ಮೇಲೇ ಬಾಯ್ಲರಿಗೆ ಬಿಡಬೇಕು.

ಗೇಜಿನದಕ್ಕೆ ‘ಪೂರ್ಣ ಅಳತೆಯ ಶೇ 1’ ಎಂದು ಬರೆದು ಅಂಕಿಯನ್ನೂ ಕೊಡಿ. 0–16 ಕೆಜಿ ಗೇಜಾದರೆ ತಪ್ಪು 0.16 ಕೆಜಿ, ಮುಳ್ಳು ಎಲ್ಲೇ ಇರಲಿ. 4 ಕೆಜಿ ತೋರಿಸುವಾಗಲೂ ಅಷ್ಟೇ, ಅಂದರೆ ಅಲ್ಲಿ ಅದು ಶೇ 4. ‘ತೋರಿಸಿದ ಅಂಕಿಯ ಶೇ 1’ ಎಂದು ಅನುವಾದವಾದರೆ ತಪ್ಪು.

ಗುಂಟರ್ ಸರಪಳಿ, ಕೊಪ್ಪಳ

‘ಡೂ ನಾಟ್ ಸ್ಕೇಲ್’: ‘ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆಯಬೇಡಿ, ಬರೆದ ಅಂಕಿಯನ್ನೇ ಹಿಡಿಯಿರಿ’. ಕಾರಣ ಇದೆ. ಎ3 ಹಾಳೆಯ 1:100 ನಕ್ಷೆಯನ್ನು ಎ4ಕ್ಕೆ ಕುಗ್ಗಿಸಿ ಪ್ರಿಂಟ್ ತೆಗೆದರೆ ಅದು ಸುಮಾರು 1:141 ಆಗುತ್ತದೆ, ಮೂಲೆಯಲ್ಲಿ ಮಾತ್ರ 1:100 ಎಂದೇ ಉಳಿಯುತ್ತದೆ.

‘ಲಾರ್ಜ್ ಸ್ಕೇಲ್’ ಬಂದರೂ ಎಚ್ಚರ. ಕೈಗಾರಿಕೆಗೆ ಅದು ಬೃಹತ್ ಪ್ರಮಾಣ. ನಕ್ಷೆಗೆ ಬಂದರೆ ತಿರುಗಾಮುರುಗಾ: ಮೈಲಿಗೆ 8 ಇಂಚಿನ ಗ್ರಾಮನಕ್ಷೆ, ಅಂದರೆ 1:7,920, ದೊಡ್ಡ ಸ್ಕೇಲಿನದು, ತೋರಿಸುವುದು ಒಂದೂರು. 1:2,50,000 ಸಣ್ಣ ಸ್ಕೇಲು, ಅದರಲ್ಲಿ ತಾಲ್ಲೂಕುಗಳೇ ಅಡಗುತ್ತವೆ.

ಬಳ್ಳಾರಿ ಬಿಸಿಲು

ಮೂರು ಪದ ಅನ್ನುವುದು ಅತಿಯಾಯಿತು. ತಕ್ಕಡಿಯೂ ಅಳೆಯುತ್ತದೆ, ಅಡಿಪಟ್ಟಿಯೂ ಅಳೆಯುತ್ತದೆ. ‘ಅಳತೆ’ಯೇ ಮೂಲ ಇರಬೇಕಲ್ಲ?

ನಿಘಂಟು ರಾಯಚೂರು

ಇಲ್ಲ ಸರ. ಅಳತೆಯ ಅರ್ಥ ಎರಡಕ್ಕೂ ಆಮೇಲೆ ಬಂದದ್ದು, ಅದೂ ಬೇರೆ ಬೇರೆ ದಾರಿಯಲ್ಲಿ. ನಂಟು ಇರುವುದು ನೀವು ಊಹಿಸದ ಕಡೆ: ಬಟ್ಟಲಿಗೂ ಚಿಪ್ಪಿಗೂ. ಎರಡೂ ಹಿಂದಕ್ಕೆ ಹೋದರೆ ‘ಸೀಳು’, ‘ಕಡಿ’ ಎಂಬ ಒಂದೇ ಧಾತು ಸಿಗುತ್ತದೆ. ಸೀಳಿದ ಚಿಪ್ಪೇ ಬಟ್ಟಲು. ಏಣಿಯದು ಹೊರಗಿನ ಮನೆತನ. ‘ಸ್ಕಾಲಾ’ದ ಹಿಂದೆ ಲ್ಯಾಟಿನ್ನಿನ ‘ಸ್ಕಾಂಡೆರೆ’ ಇದೆ, ಹತ್ತು ಎಂದು. ಅದರ ಸಂಸ್ಕೃತದ ಬಂಧು ‘ಸ್ಕಂದ್’, ಜಿಗಿ, ಚಿಮ್ಮು. ನಮ್ಮ ಸಂಡೂರು ಬೆಟ್ಟದ ಕುಮಾರಸ್ವಾಮಿಯ ‘ಸ್ಕಂದ’ ಎಂಬ ಹೆಸರನ್ನೂ ಅದೇ ಧಾತುವಿನಿಂದ ಬಿಡಿಸುತ್ತಾರೆ.

ಸಿಂಧನೂರು ಕಾಲುವೆ

ಹೊಟ್ಟಿನದಕ್ಕೆ ‘ತೂಕದ ಕಾಟಾ’ ಎಂದು ಬರೆದೆ, ಗಿರಣಿಯಲ್ಲಿ ಅದೇ ಮಾತು. ಇನ್ನೊಂದು ಉಳಿದಿದೆ: ಕೊನೆಯ ಪುಟದಲ್ಲಿ ‘ಸ್ಕೇಲ್ ಪಿಟ್’ನಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ ಎಂದಿದೆ. ಸುಣ್ಣದ ಚಕ್ಕೆ ಸುರಿಯುವ ಗುಂಡಿಯೇ?

ರೋಲಿಂಗ್, ತೋರಣಗಲ್ಲು

ಅಕ್ಕಿ ಗಿರಣಿಯಲ್ಲಿ ಅಲ್ಲ. ಅದು ವೇಬ್ರಿಡ್ಜಿನ, ಅಂದರೆ ಲಾರಿ ತೂಗುವ ಕಾಟಾದ, ಕೆಳಗಿನ ಗುಂಡಿ. ಭಾರವನ್ನು ವಿದ್ಯುತ್ ಸಂಕೇತ ಮಾಡುವ ಲೋಡ್‌ಸೆಲ್ ಅಲ್ಲೇ ಇರುತ್ತವೆ. ನೀರು ನಿಂತರೆ ಕೇಬಲ್ಲಿನ ಜೋಡಣೆಗೆ ತೇವ ಇಳಿದು ತೂಕ ಓಲಾಡುತ್ತದೆ. ಉಕ್ಕಿನ ಕಾರ್ಖಾನೆಯಲ್ಲಿ ಇದೇ ಹೆಸರಿನ ಗುಂಡಿ ಇನ್ನೊಂದಿದೆ. ಕಾಸಿದ ಉಕ್ಕಿನ ಮೇಲೆ ಕಟ್ಟುವ ಕಬ್ಬಿಣದ ಆಕ್ಸೈಡ್ ಚಕ್ಕೆಯೂ ಸ್ಕೇಲೇ. ಜೋರು ನೀರಿನಿಂದ ಅದನ್ನು ಉದುರಿಸಿದಾಗ ಚಕ್ಕೆ, ನೀರು ಎರಡೂ ಹೋಗಿ ಬೀಳುವುದು ಆ ಗುಂಡಿಗೆ. ಅಲ್ಲಿ ನೀರು ಇರಲೇಬೇಕು. ನಿಮ್ಮದಕ್ಕೆ ‘ಕಾಟಾದ ಕೆಳಗಿನ ಗುಂಡಿ’ ಎಂದು ಬರೆಯಿರಿ, ಸಾಕು.